ಹಳೇ ಟಾಕಿ, ಹೊಸ ಎಂಜಿನ್

ನಮ್ಮ ಭಾಗಕ್ಕೆ ಮೋಟರ್‌ಸೈಕಲ್ಲು ಬಂದದ್ದು ರೈಲಿನಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ಅದಕ್ಕೂ ಮೊದಲೇ ಮುಂಬೈಯಿಂದ ರಾಯಚೂರಿನ ಕಡೆಗೆ ಹೋಗುವ ಹಳಿ ಇಲ್ಲಿ ಬಿದ್ದಾಗಿತ್ತು. ಶಹಾಬಾದಿನ ಫರ್ಸಿ ಕಲ್ಲು, ಸೇಡಂ–ಚಿತ್ತಾಪುರದ ತೊಗರಿ, ಆಮೇಲೆ ಸಿಮೆಂಟು, ಎಲ್ಲವೂ ಹೊರಗೆ ಹೋದದ್ದು ಆ ಹಳಿಗಳ ಮೇಲೆಯೇ. ಒಳಗೆ ಬಂದ ಮಾಲಿನಲ್ಲಿ ಗೋಣಿತಟ್ಟು ಸುತ್ತಿ, ಟಾಕಿಯ ಪೆಟ್ರೋಲು ಬಸಿದು ಕಳಿಸಿದ ಜಾವಾ ಗಾಡಿಗಳೂ ಇದ್ದವು. ನನಗೆ ಕೆಲಸ ಕಲಿಸಿದ ಶಹಾಬಾದಿನ ಉಸ್ತಾದರು ಹುಡುಗರಾಗಿದ್ದಾಗ ವಾಡಿಯ ಪಾರ್ಸಲ್ ಆಫೀಸಿನ ಮುಂದೆ ಅಂಥ ಗಾಡಿಗಳ ಗೋಣಿ ಬಿಚ್ಚಿ, ಮೊದಲ ಪೆಟ್ರೋಲು ಹಾಕಿ, ಮೊದಲ ಕಿಕ್ ಹೊಡೆದವರು. ಮಾಲೀಕನಿಗೆ ಗಾಡಿ ಓಡಿಸಲು ಬಾರದಿದ್ದರೆ ಮನೆತನಕ ತಾವೇ ಓಡಿಸಿಕೊಂಡು ಹೋಗಿ ಬಿಡುತ್ತಿದ್ದರಂತೆ.

ನಾನು ಅವರ ಕೈಕೆಳಗೆ ಪಾನಾ ಹಿಡಿದದ್ದು 1980ರ ದಶಕದಲ್ಲಿ. ಈಗ ಚಿತ್ತಾಪುರದಲ್ಲಿ ನನ್ನದೇ ಗ್ಯಾರೇಜಿದೆ. ಸೇಡಂನಿಂದಲೂ ಚಿಂಚೋಳಿಯಿಂದಲೂ ಹಳೇ ಗಾಡಿ ಇದ್ದವರು ಹುಡುಕಿಕೊಂಡು ಬರುತ್ತಾರೆ. ಕೆಲವು ವರ್ಷಗಳಿಂದ ಹೊಸ ತರದ ಗಿರಾಕಿಗಳೂ ಬರುತ್ತಿದ್ದಾರೆ. ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗರು, ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬಂದವರು. ಅವರ ಗಾಡಿಗೆ ದುಂಡು ಹೆಡ್‌ಲೈಟು, ಹೊಟ್ಟೆ ಉಬ್ಬಿದ ಟಾಕಿ, ಹೊಳೆಯುವ ಕ್ರೋಮು, ಕಡ್ಡಿಗಳ ಚಕ್ರ. ದೂರದಿಂದ ನೋಡಿದರೆ ನನ್ನ ಉಸ್ತಾದರ ಕಾಲವೇ ಎದ್ದು ಬಂದಂತೆ ಕಾಣುತ್ತದೆ. ಗಾಡಿ ನಿಲ್ಲಿಸಿ ಮೊದಲು ಕೇಳುವುದೂ ಅದನ್ನೇ: “ಕಾಕಾ, ನಿಮ್ಮ ಕಾಲದ ಜಾವಾದ್ ಮಜಾ ಇದ್ರಾಗ ಅದ ಏನ್ರಿ?”

ಎರಡೂ ಕಾಲದ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿದವನಾಗಿ ನನಗೆ ಈ ಪ್ರಶ್ನೆ ದೊಡ್ಡದು. ಹೌದು ಅಂದರೂ ಇಲ್ಲ ಅಂದರೂ ಒಂದು ಗಾಡಿಗೆ ಅನ್ಯಾಯವಾಗುತ್ತದೆ. ಆ ಮಜಾ ಎಲ್ಲಿತ್ತು, ಯಾರ ಕೈಯಲ್ಲಿತ್ತು ಅನ್ನುವುದನ್ನು ಮೊದಲು ಹೇಳಬೇಕು.

ನಮ್ಮ ಊರುಗಳಲ್ಲಿ ಮೊದಮೊದಲು ಫಟಫಟಿ ಕೊಂಡವರು ಫರ್ಸಿ ಖಣಿ ಹಿಡಿದ ಗುತ್ತೇದಾರರು, ತೊಗರಿ ಅಡತಿಯವರು. ಆಮೇಲೆ ಫೌಜದಾರರು, ದನದ ಡಾಕ್ಟರು. ವಾಡಿಯಲ್ಲಿ ಎಸಿಸಿಯ ಸಿಮೆಂಟ್ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಅದರ ಮೇಲೆ ಕಾಲೋನಿ ಬೆಳೆಯಿತು, ತಿಂಗಳಿಗೊಮ್ಮೆ ಖಾತ್ರಿ ಪಗಾರ ಬರುವ ಜನ ಬಂದರು. ಭೋಂಗಾ ಹೊಡೆದಾಗ ಗೇಟಿನಿಂದ ಹೊರಬರುತ್ತಿದ್ದ ಸಾಲುಸಾಲು ಸೈಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಜಾವಾ ಕಾಣುತ್ತಿತ್ತು. ಸೈಕಲ್ಲಿನವರು ತಾವಾಗಿಯೇ ದಾರಿ ಬಿಡುತ್ತಿದ್ದರು. ಗಾಡಿಯ ಸದ್ದಿನ ಮೇಲೆಯೇ ಯಾರು ಬಂದರು ಅಂತ ಓಣಿಗೆ ತಿಳಿಯುತ್ತಿತ್ತು. ಹಾಲಿನವರ ಪಾಲಿಗೆ ಮಾತ್ರ ರಾಜದೂತ್. ಎರಡು ಸ್ಟ್ರೋಕಿನ ಆ 175 ಸಿಸಿ ಗಾಡಿಯ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಹಳ್ಳಿಯಿಂದ ಪೇಟೆಗೆ ಬರುತ್ತಿದ್ದರು. ಅದಕ್ಕೆ ಹೆಸರೂ ಇರಲಿಲ್ಲ, ಮೆರವಣಿಗೆಯೂ ಇರಲಿಲ್ಲ. ದುಡಿದು ದುಡಿದು ಗುಜರಿಗೆ ಹೋಯಿತು.

ಜಾವಾದ ಕಥೆ ನಮ್ಮ ನಾಡಿನದೇ. ಮೂಲ ಕಂಪನಿ ಚೆಕೊಸ್ಲೊವಾಕಿಯಾದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಕಟ್ಟಿದ್ದು. ಆದರೆ ನಮ್ಮ ಕೈಗೆ ಬಂದ ಗಾಡಿ ಮೈಸೂರಿನದು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಗಾಡಿ ತಯಾರಿಸತೊಡಗಿತು. ಉದ್ಘಾಟನೆ ಮಾಡಿದವರು ಜಯಚಾಮರಾಜೇಂದ್ರ ಒಡೆಯರು. 1973ರ ಹೊತ್ತಿಗೆ ಟಾಕಿಯ ಮೇಲಿನ ಹೆಸರು ಜಾವಾ ಹೋಗಿ ಯೆಜ್ಡಿ ಆಯಿತು. ಎಂಜಿನ್ನಿನ ವಂಶ ಬದಲಾಗಲಿಲ್ಲ. 1978ರಲ್ಲಿ ರೋಡ್‌ಕಿಂಗ್ ಬಂತು. ಕಲಬುರಗಿ ಸೀಮೆಯ ಹುಡುಗರು ಹುಚ್ಚರಾದದ್ದು ಅದಕ್ಕೆ.

ಆ ಎಂಜಿನ್ನನ್ನು ನಾನು ಕಣ್ಣು ಮುಚ್ಚಿ ಬಿಚ್ಚಬಲ್ಲೆ. ಬೋರು 65 ಮಿಲಿಮೀಟರು, ಸ್ಟ್ರೋಕು 75. ಒಂದೇ ಸಿಲಿಂಡರು, ಅದರಲ್ಲಿ ಹೊಗೆ ಹೋಗಲು ಎರಡು ಕಿಂಡಿ. ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಅಂದಕ್ಕಾಗಿ ಅಂಟಿಸಿದ್ದಲ್ಲ, ಎಂಜಿನ್ನಿಗೆ ಬೇಕಾಗಿತ್ತು. ಕಿಕ್ಕರು ಮತ್ತು ಗೇರಿನ ಕಡ್ಡಿ ಎರಡೂ ಒಂದೇ. ಎತ್ತಿ ಒದ್ದರೆ ಎಂಜಿನ್ ಶುರು, ಮುಂದಕ್ಕೆ ಮಡಚಿದರೆ ಗೇರು. ಆ ಕಡ್ಡಿಯನ್ನು ಕಾಲಿನಿಂದ ಒತ್ತಿದರೆ ಕ್ಲಚ್ಚು ತಾನಾಗಿ ಬಿಡುತ್ತಿತ್ತು, ಎಡಗೈ ಎತ್ತುವ ಕೆಲಸವೇ ಇರಲಿಲ್ಲ. ಹಿಂದಿನ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಓಡುತ್ತಿತ್ತು. ನಮ್ಮ ಕಡೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಸಿಮೆಂಟಿನ ದೂಳು, ಖಣಿಯ ಕಲ್ಲುಪುಡಿ. ಮಳೆಗಾಲದಲ್ಲಿ ಎರೆಮಣ್ಣು. ಬಯಲಲ್ಲಿ ಓಡುವ ಚೈನು ಇಲ್ಲಿ ಬೇಗ ಸವೆಯುತ್ತದೆ. ಜಾವಾದ ಪೆಟ್ಟಿಗೆ ಬಿಚ್ಚಿದಾಗ ವರ್ಷಗಳ ಹಿಂದೆ ಹಾಕಿದ ಗ್ರೀಸು ಇನ್ನೂ ಮೆತ್ತಗೆ ಇದ್ದದ್ದನ್ನು ನಾನು ಕಂಡಿದ್ದೇನೆ.

ಜಾವಾ ಇದ್ದವನಿಗೆ ದಿನದ ಕೆಲಸವೂ ಇತ್ತು. ಪೆಟ್ರೋಲಿನಲ್ಲಿ ಲೀಟರಿಗೆ 30–40 ಮಿಲಿಲೀಟರು ಎಣ್ಣೆ ಬೆರೆಸಬೇಕು. ಕಡಿಮೆ ಬಿದ್ದರೆ ಪಿಸ್ಟನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ. ನಸುಕಿನಲ್ಲಿ ಗಾಡಿ ತೆಗೆಯುವಾಗ ಕಾರ್ಬೊರೇಟರಿನ ಟಿಕ್ಲರನ್ನು ಬೆರಳಿನಿಂದ ಒತ್ತಿ ಪೆಟ್ರೋಲು ತುಳುಕಿಸಿ, ಹೆಡ್‌ಲೈಟಿನ ನೆತ್ತಿಯ ಮೇಲೆ ಮೊಳೆ ಆಕಾರದ ಚಾವಿ ಒತ್ತಿ, ಒಂದು ಸಲ ಖಾಲಿ ಒದ್ದು, ಎರಡನೆಯದಕ್ಕೆ ಪೂರ್ತಿ ತೂಕ ಹಾಕಬೇಕು. ಸೈಲೆನ್ಸರಿನೊಳಗಿನ ಬಫಲ್ ಆಗಾಗ ಹೊರಗೆಳೆದು ಬೆಂಕಿಗೆ ಹಾಕಿ ಇದ್ದಿಲು ಉದುರಿಸಬೇಕು. ಉಸ್ತಾದರ ಅಂಗಡಿಯ ಹಿಂದೆ ಇದಕ್ಕಾಗಿಯೇ ಒಂದು ಒಲೆ ಇತ್ತು. ಪಾಯಿಂಟು ಉಜ್ಜಲು ಉಸುಕಿನ ಕಾಗದ, ಭಾಗ ತೊಳೆಯಲು ಚಿಮಣಿ ಎಣ್ಣೆ, ಒರೆಸಲು ಹಳೇ ಧೋತರದ ತುಂಡು. ನಾನು ಕಲಿತ ಶಾಲೆ ಅದೇ.

ಉಸ್ತಾದರು ಪಾನಾ ಕೈಗೆ ಕೊಡುವ ಮೊದಲು ಗಾಡಿ ಶುರು ಮಾಡಿಸಿ ಸುಮ್ಮನೆ ನಿಲ್ಲಿಸುತ್ತಿದ್ದರು. “ಬಾಯಿ ಬಂದ್ ಮಾಡು. ಗಾಡಿ ಏನ್ ಅನ್ಲತ್ತದ, ಮೊದಲ ಅದನ್ ಕೇಳು.” ನಿಂತಲ್ಲಿ ನಿಂತ ಜಾವಾದ ಸದ್ದು ಒಂದೇ ಸಮನೆ ಇರುವುದಿಲ್ಲ. ಎರಡು ಸಲ ಹೊಡೆದು ಒಂದು ಸಲ ತಪ್ಪಿಸುತ್ತದೆ, ಮತ್ತೆ ಹೊಡೆಯುತ್ತದೆ. ಅದು ಕೆಟ್ಟ ಲಕ್ಷಣ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎರಡು ಸ್ಟ್ರೋಕಿನ ಎಂಜಿನ್ನು ನಿಧಾನಕ್ಕೆ ತಿರುಗುವಾಗ ಹಳೇ ಹೊಗೆ ಪೂರ್ತಿ ಹೊರಗೆ ಹೋಗುವುದಿಲ್ಲ, ಹೊಸ ಪೆಟ್ರೋಲು ಅದರೊಳಗೆ ಕಲೆತು ಒಂದೊಂದು ಸುತ್ತು ಉರಿಯದೇ ಉಳಿಯುತ್ತದೆ. ಆ ಉರಿಯದ ಪೆಟ್ರೋಲು, ಅರ್ಧ ಸುಟ್ಟ ಎಣ್ಣೆ, ತಪ್ಪಿದ ಹೊಡೆತ, ಇವೇ ಜಾವಾದ ಸದ್ದು, ಇವೇ ಅದರ ವಾಸನೆ. ಜನ ಇವತ್ತು ನೆನೆಸಿಕೊಂಡು ಕಣ್ಣು ತುಂಬಿಕೊಳ್ಳುವುದು ಎಂಜಿನ್ನಿನ ಆ ಕೊರತೆಯನ್ನೇ. ಹೊಗೆಯ ಕಾಯ್ದೆ ಹಿಡಿದದ್ದೂ ಅದನ್ನೇ.

ಬುಲೆಟ್ಟಿನದು ಬೇರೆ ಜಾತಕ. ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಹುಟ್ಟಿದ ಗಾಡಿ, ನಮ್ಮ ಸೈನ್ಯಕ್ಕೆ ಬೇಕಾಗಿ 1955ರಲ್ಲಿ ಮದ್ರಾಸಿಗೆ ಬಂತು. ರೆಡ್ಡಿಚ್‌ನ ಕಾರ್ಖಾನೆ ಮುಚ್ಚಿತು, ಮದ್ರಾಸಿನದು ಉಳಿಯಿತು. 70 ಮಿಲಿಮೀಟರ್ ಬೋರಿಗೆ 90 ಮಿಲಿಮೀಟರ್ ಸ್ಟ್ರೋಕು, ಬೀಡಿನ ಸಿಲಿಂಡರು, ಒಳಗೆ ಭಾರದ ಫ್ಲೈವೀಲು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅದನ್ನು ಶುರು ಮಾಡುವುದಕ್ಕೆ ಒಂದು ವಿಧಿಯೇ ಇತ್ತು. ಹೆಡ್‌ಲೈಟಿನ ಮೇಲಿನ ಅಮ್ಮೀಟರ್ ನೋಡುತ್ತ ಕಿಕ್ಕರನ್ನು ಮೆಲ್ಲಗೆ ಒತ್ತಬೇಕು. ಪಾಯಿಂಟು ಮುಚ್ಚಿರುವಾಗ ಮುಳ್ಳು ಒಂದು ಕಡೆ ವಾಲಿರುತ್ತದೆ. ಪಾಯಿಂಟು ತೆರೆದ ಗಳಿಗೆಗೆ ನಡುವಿಗೆ ಬಂದು ನಿಲ್ಲುತ್ತದೆ. ಆಗ ಡಿಕಂಪ್ರೆಸರ್ ಎಳೆದು ಒಂದಿಷ್ಟು ಜರುಗಿಸಿ, ಕಾಲು ಮೇಲೆ ತಂದು ಒಂದೇ ಒದೆತ. ವಿಧಿ ತಪ್ಪಿದರೆ ಕಿಕ್ಕರು ತಿರುಗಿ ಒದೆಯುತ್ತಿತ್ತು. ಕಣಕಾಲು ಉಬ್ಬಿಸಿಕೊಂಡು ಕುಂಟುತ್ತ ಬಂದವರನ್ನು ನಮ್ಮ ಅಂಗಡಿಯ ಕಟ್ಟೆ ಬಹಳ ಕಂಡಿದೆ. ಇಂಥ ಗಾಡಿ ಒಲಿದವನಿಗೆ ತಾನು ಏನೋ ಗೆದ್ದೆ ಅನ್ನಿಸುತ್ತಿತ್ತು. ಆ ಗೆಲುವು ದಿನವೂ ಮುಂಜಾನೆ ಹೊಸದಾಗಿ ಸಿಗುತ್ತಿತ್ತು.

1980ರ ದಶಕದ ನಡುವೆ ಜಪಾನಿನ 100 ಸಿಸಿ ಗಾಡಿಗಳು ಬಂದವು. ಹೀರೊ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100, ಎರಡೂ 1985ರವು. ಒಂದು ಲೀಟರಿಗೆ ಜಾವಾದ ದುಪ್ಪಟ್ಟು ದೂರ ಓಡುವ ಗಾಡಿಯ ಮುಂದೆ, ಕೈ ಹೊಲಸಾಗದ ಗಾಡಿಯ ಮುಂದೆ ನಮ್ಮವು ನಿಲ್ಲಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೆ ಹಲವು ವರ್ಷ ಜಾವಾ ಅಂದರೆ ಹೊಲದ ಶೆಡ್ಡಿನಲ್ಲಿ ತೊಗರಿ ಕಟ್ಟಿಗೆಯ ಕೆಳಗೆ ಬಿದ್ದಿರುವ ವಸ್ತು. ಬಿಡಿಭಾಗಕ್ಕೆ ನಾನು ವಾಡಿಯಿಂದ ರೈಲು ಹಿಡಿದು ಸಿಕಂದರಾಬಾದಿನ ರಾಣಿಗಂಜಿಗೆ ಹೋಗುತ್ತಿದ್ದೆ. ಪಿಸ್ಟನ್ನಿನ ರಿಂಗು ಸಿಕ್ಕರೆ ಅದೇ ಹಬ್ಬ. ಸಿಗದಿದ್ದರೆ ಬೇರೆ ಗಾಡಿಯದನ್ನು ತಂದು ಲೇಥಿಗೆ ಕೊಟ್ಟು ಹೊಂದಿಸುವುದು. ಬುಲೆಟ್ ಮಾತ್ರ ಸಾಯಲಿಲ್ಲ, ಸಾಯುವ ಅಂಚಿಗೆ ಹೋಗಿ ಬಂತು.

ಹಳೇ ರೂಪ ಮರಳಿ ಬಂದದ್ದು ಹೀಗೆ. ರಾಯಲ್ ಎನ್‌ಫೀಲ್ಡ್ 2009ರಲ್ಲಿ ಕ್ಲಾಸಿಕ್ ತಂದಿತು. ಹಳೇ ಬುಲೆಟ್ಟಿನ ಗೆರೆಗಳು, ಹೊಸ ಎಂಜಿನ್ನು. ಜನ ಮುಗಿಬಿದ್ದರು. ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ, ಅದರಲ್ಲಿ ಮಹೀಂದ್ರದವರ ದೊಡ್ಡ ಪಾಲು, ಮೈಸೂರಿನ ಇರಾನಿ ಮನೆತನದ ಬೋಮನ್ ಇರಾನಿಯವರೂ ಪಾಲುದಾರರು, 2018ರ ನವೆಂಬರ್ 15ರಂದು ಜಾವಾ ಹೆಸರನ್ನು ಎಬ್ಬಿಸಿತು. ಗಾಡಿ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಇದು ನನಗೆ ಇವತ್ತಿಗೂ ನೋವಿನ ಮಾತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರೂ ಬಂತು. ಅದಕ್ಕಿಂತ ಮೊದಲು, 2020ರಲ್ಲಿ, ಹೋಂಡಾದವರೂ ಇದೇ ರೂಪದ 350 ಇಳಿಸಿದ್ದರು.

ಇದು ನಮ್ಮ ದೇಶದ್ದಷ್ಟೇ ಹುಚ್ಚಲ್ಲ. ಇಂಗ್ಲೆಂಡಿನ ಟ್ರಯಂಫ್ ತನ್ನ 1959ರ ಬಾನ್‌ವಿಲ್ ಹೆಸರನ್ನು 2001ರಲ್ಲಿ ಮರಳಿ ತಂದಿತು. ಮುಂದೆ ಅದಕ್ಕೆ ಕಾರ್ಬೊರೇಟರ್ ತೆಗೆದು ಇಂಜೆಕ್ಷನ್ ಹಾಕಬೇಕಾಗಿ ಬಂದಾಗ, ಇಂಜೆಕ್ಷನ್ನಿನ ಭಾಗಕ್ಕೇ ಹಳೇ ಕಾರ್ಬೊರೇಟರಿನ ವೇಷ ಹಾಕಿದರು. ಜಪಾನಿನ ಕಾವಾಸಾಕಿ 1999ರಲ್ಲಿ ಡಬ್ಲ್ಯೂ 650 ಮಾಡಿದಾಗ ಬೇರೆ ದಾರಿ ಹಿಡಿಯಿತು. ಉದ್ದ ಸ್ಟ್ರೋಕು ಇಟ್ಟರು, ಸ್ವಿಚ್ಚಿನ ಜೊತೆಗೆ ಕಿಕ್ಕರನ್ನೂ ಇಟ್ಟರು. ಅದು ನಮ್ಮ ಕಡೆ ಬಂದ ಗಾಡಿಯಲ್ಲ, ನಾನು ಮುಟ್ಟಿದ್ದೂ ಇಲ್ಲ. ಆದರೆ ಕೆಲಸಗಾರನಾಗಿ ನನಗೆ ಕಾವಾಸಾಕಿಯವರು ಮಾಡಿದ್ದು ಹೆಚ್ಚು ಮರ್ಯಾದೆಯ ಕೆಲಸ ಅನ್ನಿಸುತ್ತದೆ. ಹಳೇದನ್ನು ಉಳಿಸಬೇಕಾದರೆ ಒಳಗೆ ಉಳಿಸಬೇಕು.

ಈಗ ಆ ಹುಡುಗರ ಪ್ರಶ್ನೆಗೆ ಬರುತ್ತೇನೆ.

2018ರ ಹೊಸ ಜಾವಾದ ಎಂಜಿನ್ನು 293 ಸಿಸಿ, ನಾಲ್ಕು ಸ್ಟ್ರೋಕು, ಮೇಲೆ ಎರಡು ಕ್ಯಾಮು, ತಣಿಸಲು ನೀರು. ಶಕ್ತಿ 27 ಹಾರ್ಸ್‌ಪವರು, ಮೈಸೂರಿನ ಹಳೇ ಜಾವಾದ ದುಪ್ಪಟ್ಟಿಗಿಂತ ಹೆಚ್ಚು. ಹಳೆಯದರಲ್ಲಿ ಸ್ಟ್ರೋಕು ಉದ್ದ, ಬೋರು ಸಣ್ಣದು. ಹೊಸದರಲ್ಲಿ ಬೋರು ದೊಡ್ಡದು, ಸ್ಟ್ರೋಕು ಗಿಡ್ಡ. ಅಂದರೆ ಸ್ವಭಾವವೇ ತಿರುಗಾಮುರುಗಾ. ಹಳೇದು ಕೆಳಗಿನ ವೇಗದಲ್ಲಿ ಹುರುಪಾಗಿ ಎಳೆಯುತ್ತಿತ್ತು. ಹೊಸದು ಎಂಜಿನ್ನು ಜೋರಾಗಿ ತಿರುಗಿದಷ್ಟೂ ಖುಷಿಪಡುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನು ಪ್ರತಿ ಸುತ್ತಿಗೂ ಒಮ್ಮೆ ಹೊಡೆಯುತ್ತದೆ, ನಾಲ್ಕು ಸ್ಟ್ರೋಕಿನದು ಎರಡು ಸುತ್ತಿಗೊಮ್ಮೆ. ಸೈಲೆನ್ಸರನ್ನು ಎಷ್ಟೇ ತಿದ್ದಿ ಹದಮಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಉಳಿಸಿಕೊಂಡದ್ದು ಹೆಸರಿನ ಮೇಲಿನ ಪ್ರೀತಿಯಿಂದ, ಅದನ್ನು ನಾನು ಒಪ್ಪುತ್ತೇನೆ. ಆದರೆ ಚೈನಿನ ಪೆಟ್ಟಿಗೆ ಎಲ್ಲಿ? ಟಾಕಿಯ ಹೊಟ್ಟೆ ತಂದರು, ಕ್ರೋಮು ತಂದರು, ಚಿನ್ನದ ಗೆರೆ ತಂದರು. ದೂಳಿನ ನಾಡಿನಲ್ಲಿ ಆ ಗಾಡಿಯನ್ನು ಬದುಕಿಸಿದ ತಗಡಿನ ಪೆಟ್ಟಿಗೆಯನ್ನು ಬಿಟ್ಟುಬಂದರು. ಮಳೆಗಾಲದಲ್ಲಿ ಚಿಂಚೋಳಿ ಕಡೆಯ ಹೊಲದ ದಾರಿಯಿಂದ ಬಂದ ಹೊಸ ಜಾವಾದ ಚೈನು ತೊಳೆಯುವಾಗೆಲ್ಲ ನನಗೆ ಇದು ಚುಚ್ಚುತ್ತದೆ. ರೂಪ ಬರೆದವರು ಹಳೇ ಗಾಡಿಯ ಫೋಟೋ ಚೆನ್ನಾಗಿ ನೋಡಿದ್ದಾರೆ. ಅದು ಯಾವ ಮಣ್ಣಿನಲ್ಲಿ ಓಡಿತು ಅಂತ ನೋಡಿಲ್ಲ.

ಕ್ಲಾಸಿಕ್ 350ರ ವಿಷಯದಲ್ಲಿ ನನ್ನ ಮಾತು ಬೇರೆ. 2021ರ ಹೊಸ ಎಂಜಿನ್ನಿನ ಬೋರು 72 ಮಿಲಿಮೀಟರು, ಸ್ಟ್ರೋಕು 85.8. ಹಳೇ ಬುಲೆಟ್ಟಿನ ಉದ್ದ ಸ್ಟ್ರೋಕನ್ನು ಹೆಚ್ಚುಕಡಿಮೆ ಉಳಿಸಿದ್ದಾರೆ. ಅದಕ್ಕೇ ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಹಿಂದೆ ಮೂರನೇ ಗೇರಿನಲ್ಲಿ ತೆವಳುವಾಗ, ಎಂಜಿನ್ನು ಕೆಮ್ಮದೆ ಎಳೆಯುತ್ತದೆ, ಒಂದೊಂದು ಹೊಡೆತವೂ ಬೇರೆಬೇರೆಯಾಗಿ ತೊಡೆಗೆ ತಾಗುತ್ತದೆ. ಆ ಗಳಿಗೆಯಲ್ಲಿ ಹಳೇದು ಇದೆ. ಒಳಗೆ ಒಂದು ಬ್ಯಾಲೆನ್ಸರ್ ಶಾಫ್ಟು ಸೇರಿಸಿದ್ದರಿಂದ ನಡುಕ ಹೋಗಿದೆ. ಹಳೇ ಬುಲೆಟ್ಟಿನಲ್ಲಿ ಕಲಬುರಗಿಗೆ ಹೋಗಿ ಇಳಿದರೆ ಅಂಗೈ ಜುಮ್ಮೆನ್ನುವುದು ಹೊತ್ತು ಮುಳುಗುವವರೆಗೂ ನಿಲ್ಲುತ್ತಿರಲಿಲ್ಲ. ಆಗಿನ ಹುಡುಗರಿಗೆ ಅದೂ ಒಂದು ಹೆಮ್ಮೆ. ಅರವತ್ತು ದಾಟಿದ ಗಿರಾಕಿಗಳಿಗೆ ನಡುಕವಿಲ್ಲದ ಗಾಡಿ ಒಂದು ವರ. ಕಿಕ್ಕರು ಮಾತ್ರ ಇಲ್ಲ. ಗಾಡಿಯ ತೂಕ 195 ಕಿಲೋ, ಹಿಂದಿನಿಂದ ನೂಕಿ ಶುರು ಮಾಡುವುದೂ ಸುಲಭವಲ್ಲ.

ಲೆಕ್ಕ ಕೇಳಿದರೆ ಹೀಗೆ ಹೇಳುತ್ತೇನೆ. ಹೊಸ ಕ್ಲಾಸಿಕ್‌ನಲ್ಲಿ ಹಳೇ ಬುಲೆಟ್ಟು ರೂಪಾಯಿಗೆ ಹತ್ತಾಣೆ ಉಳಿದಿದೆ. ಹೊಸ ಜಾವಾದಲ್ಲಿ ಹಳೇ ಜಾವಾ ನಾಲ್ಕಾಣೆ. ಆ ನಾಲ್ಕಾಣೆಯೂ ಕಣ್ಣಿಗೆ ಸಿಗುವಂಥದು, ಕಿವಿಗೂ ಕಾಲಿಗೂ ಅಲ್ಲ.

ಹಾಗಂತ ಹಳೇದೇ ಒಳ್ಳೆಯದಿತ್ತು ಅಂತ ಯಾರಾದರೂ ಅಂದರೆ ಒಪ್ಪಲಾರೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಸೇಡಂನಿಂದ ಕಲಬುರಗಿಗೆ ಜಾವಾ ಹೊಡೆದುಕೊಂಡು ಹೋಗುವವನು ನಡುವೆ ಮರ ಕಂಡಲ್ಲಿ ನಿಲ್ಲಿಸಿ ಎಂಜಿನ್ನು ಆರಿಸಲೇಬೇಕು. ಇಲ್ಲದಿದ್ದರೆ ಪಿಸ್ಟನ್ನು ಹಿಡಿದು ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. ಅಂಥ ಬೀಳುವಿಕೆಯಲ್ಲಿ ಕೈ ಮುರಿದುಕೊಂಡವರು ನನ್ನ ಗೆಳೆಯರಲ್ಲೇ ಇದ್ದಾರೆ. 6 ವೋಲ್ಟಿನ ಹೆಡ್‌ಲೈಟು ಎಂಜಿನ್ನು ಜೋರಾದಾಗ ಬೆಳಗುತ್ತಿತ್ತು, ನಿಧಾನವಾದಾಗ ಮಂಕು. ಎಲ್ಲಿ ನಿಧಾನ ಮಾಡಬೇಕೋ ಅಲ್ಲೇ ಕತ್ತಲು. ಡ್ರಮ್ ಬ್ರೇಕಿನೊಳಗೆ ನೀರು ಹೊಕ್ಕರೆ ಅದು ಒಣಗುವವರೆಗೆ ದೇವರೇ ಗತಿ. ಕಾಗಿಣೆ ಉಕ್ಕಿ ದಂಡೋತಿಯ ಸೇತುವೆ ಮೇಲೆ ನೀರು ಬಂದು ಇಳಿದ ದಿನಗಳಲ್ಲಿ ಇದರ ರುಚಿ ಎಲ್ಲರೂ ಕಂಡಿದ್ದಾರೆ. ತೊಗರಿ ರಾಶಿಯ ಕಾಲದಲ್ಲಿ ರಸ್ತೆಯ ಮೇಲೆ ಕಟ್ಟಿಗೆ ಹರವಿರುತ್ತಾರೆ. ಅದರ ಮೇಲೆ ಬ್ರೇಕು ಒತ್ತಿದರೆ ಹಳೇ ಗಾಡಿ ನೆಲ ಹಿಡಿಯುತ್ತಿರಲಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗೂ ಎಬಿಎಸ್ ಕಡ್ಡಾಯವಾಯಿತು. ನನ್ನ ಮಗ ಓಡಿಸುವ ಗಾಡಿಯಲ್ಲಿ ಅದು ಇದೆ ಅನ್ನುವ ನೆಮ್ಮದಿಯನ್ನು ನಾನು ಯಾವ ಹಳೇ ಸದ್ದಿಗೂ ಬದಲು ಕೊಡುವುದಿಲ್ಲ.

ಮಜಾ ಎಲ್ಲಿತ್ತು ಅನ್ನುವುದಕ್ಕೆ ನನ್ನ ಉತ್ತರ ಇದು. ಗಾಡಿ ತನ್ನನ್ನು ಓಡಿಸುವವನಿಂದ ಕೆಲಸ ಕೇಳುತ್ತಿತ್ತು, ಅವನು ಕೊಡುತ್ತಿದ್ದ. ಎಣ್ಣೆಯ ಅಳತೆ ಗೊತ್ತಿರಬೇಕು, ಪ್ಲಗ್ಗಿನ ಬಣ್ಣ ಓದಲು ಬರಬೇಕು, ಸದ್ದು ಬದಲಾದದ್ದು ತಿಳಿಯಬೇಕು. ಗೊತ್ತಾಗದಿದ್ದರೆ ಗೊತ್ತಿದ್ದವನ ಹತ್ತಿರ ಹೋಗಿ ಕೂರಬೇಕು. ಉಸ್ತಾದರ ಕಟ್ಟೆಯ ಮೇಲೆ ಖಣಿಯ ಗುತ್ತೇದಾರನೂ ಹಾಲಿನವನೂ ಫೌಜದಾರನೂ ಪಕ್ಕಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಮೂವರ ಗಾಡಿಯ ಹೊಟ್ಟೆಯೂ ಬಿಚ್ಚಿತ್ತು, ಮೂವರಿಗೂ ಕಾಯದೆ ದಾರಿಯಿರಲಿಲ್ಲ. ಮದುವೆ ಮಾತು, ತೊಗರಿ ಧಾರಣೆ, ಯಾರ ಹೊಲದಲ್ಲಿ ಕಲ್ಲು ಬಿತ್ತು, ಎಲ್ಲ ಅಲ್ಲೇ ಆಗುತ್ತಿತ್ತು. ಹೆಂಗಸರಿಗೆ ಈ ಕಟ್ಟೆಯಲ್ಲಿ ಜಾಗವಿರಲಿಲ್ಲ, ಅದನ್ನೂ ಹೇಳಬೇಕು. ಅವರ ಪಾಲಿಗೆ ಹಳೇ ಗಾಡಿ ಅಂದರೆ ಯೆಜ್ಡಿಯ ಉದ್ದ ಸೀಟಿನ ಹಿಂದೆ ಒಂದು ಕಡೆ ಕಾಲು ಬಿಟ್ಟು, ಮಡಿಲಲ್ಲಿ ಮಗು ಹಿಡಿದು ಶರಣಬಸಪ್ಪನ ಜಾತ್ರೆಗೆ ಹೋದ ಪ್ರಯಾಣ. ನನ್ನ ಹೆಂಡತಿಗೆ ಆ ಎಂಜಿನ್ನಿನ ಹೊಗೆಯ ವಾಸನೆ ಇವತ್ತಿಗೂ ಜಾತ್ರೆಯ ವಾಸನೆ.

ಹೊಸ ಗಾಡಿ ಅಷ್ಟು ಕೆಲಸ ಕೇಳುವುದಿಲ್ಲ. ಕೇಳಿದಾಗ ನಮ್ಮನ್ನು ಕೇಳುವುದಿಲ್ಲ. ಒಂದು ಸೆನ್ಸರು ಕೆಟ್ಟರೆ ದೀಪ ಹೊತ್ತುತ್ತದೆ, ಆ ದೀಪದ ಅರ್ಥ ಕಂಪನಿಯ ಯಂತ್ರಕ್ಕೆ ಮಾತ್ರ ಗೊತ್ತು, ಆ ಯಂತ್ರ ಕಲಬುರಗಿಯಲ್ಲಿದೆ. ಗಾಡಿಯನ್ನು ಟೆಂಪೋದಲ್ಲಿ ಹಾಕಿ ಕಳಿಸುವುದಷ್ಟೇ ನನ್ನ ಕೆಲಸ. ಗಾಡಿ ತಯಾರಿಸುವವರು ಹಳೇ ರೂಪಕ್ಕೆ ಇಷ್ಟೆಲ್ಲ ಕಷ್ಟಪಡುತ್ತಾರೆ. ಹಳೇ ಗುಣಗಳಲ್ಲಿ ಒಂದನ್ನಾದರೂ ಒಳಗೆ ತರಬೇಕೆಂದಿದ್ದರೆ ಅದು ಇದಾಗಬೇಕಿತ್ತು: ಸಣ್ಣ ಊರಿನ ಕೆಲಸಗಾರನಿಗೆ ಬಿಚ್ಚಲು ಬರುವ, ತಿಳಿಯಲು ಬರುವ ಎಂಜಿನ್ನು. ಚೈನಿಗೊಂದು ಪೆಟ್ಟಿಗೆ, ಬ್ಯಾಟರಿ ಸತ್ತಾಗ ಒದೆಯಲು ಒಂದು ಕಿಕ್ಕರು. ಹೊಗೆಯ ಕಾಯ್ದೆ ಇವ್ಯಾವುದಕ್ಕೂ ಅಡ್ಡ ಬರುವುದಿಲ್ಲ.

ಹಾಗಾಗಿ ಹಳೇ ಗಾಡಿಯ ಮಜಾ ಬೇಕಾದವರಿಗೆ ಹಳೇ ಗಾಡಿಯೇ ಬೇಕು. ಅವು ನಮ್ಮ ತಾಲೂಕುಗಳಲ್ಲಿ ಇನ್ನೂ ಇವೆ, ಆದರೆ ಬೇಗ ಕಡಿಮೆಯಾಗುತ್ತಿವೆ. ಗುಜರಿಯವರು ಹಳ್ಳಿಹಳ್ಳಿ ತಿರುಗಿ ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ. ಕೆಲವು ಹುಡುಗರು ಫ್ರೇಮು ಕತ್ತರಿಸಿ, ಮಡ್‌ಗಾರ್ಡು ಕಿತ್ತು, ಅಗಲ ಟೈರು ಹಾಕಿ ಬೇರೆ ಏನೋ ಮಾಡಿಕೊಳ್ಳುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗಾಗಿ ಬೇರೆ ನಿಯಮ ಹೊರಡಿಸಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಫೀ 20,000 ರೂಪಾಯಿ, ನೋಂದಣಿ 10 ವರ್ಷಕ್ಕೆ, ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಂಥದಕ್ಕೆ ತೆಗೆಯಬಹುದು. ಮೈಸೂರಿನ ಮೊದಮೊದಲ ಜಾವಾಗಳೂ, ಹೆಸರು ಬದಲಾದ ಮೇಲಿನ ಮೊದಲ ಯೆಜ್ಡಿಗಳೂ ಈಗ ಆ ವಯಸ್ಸಿಗೆ ಬಂದಿವೆ. ಅದಕ್ಕಿಂತ ಸಣ್ಣ ವಯಸ್ಸಿನವಕ್ಕೆ ಮಾಮೂಲಿ ದಾರಿಯೇ ಇದೆ, 15 ವರ್ಷದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ.

ನಿಮ್ಮ ಮನೆಯ ಹಿತ್ತಲಲ್ಲಿ, ಹೊಲದ ಶೆಡ್ಡಿನಲ್ಲಿ ಅಪ್ಪನದೋ ಅಜ್ಜನದೋ ಅಂಥ ಗಾಡಿ ಇದ್ದರೆ ಮೊದಲು ಟ್ರಂಕಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ ತೆಗೆದಿಡಿ. ಅದರಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಗಾಡಿಯ ಮೇಲಿನ ನಂಬರಿಗೆ ಹೊಂದುತ್ತದೆಯೇ ನೋಡಿ. ಹೆಸರಿದ್ದವರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. ಎಂಜಿನ್ನು ಜಾಮ್ ಆಗಿದ್ದರೆ, ಟಾಕಿ ತುಕ್ಕು ಹಿಡಿದಿದ್ದರೆ ಚಿಂತೆ ಬೇಡ. ಅದನ್ನು ಸರಿ ಮಾಡುವ ಕೈಗಳು ಶಹಾಬಾದ್, ವಾಡಿ, ಚಿತ್ತಾಪುರದಲ್ಲಿ ಇನ್ನೂ ಕೆಲವು ಉಳಿದಿವೆ. ಕಾಗದ ಕಳೆದರೆ ಮಾತ್ರ ನಮ್ಮಿಂದ ಏನೂ ಮಾಡಲಾಗುವುದಿಲ್ಲ.